ಋತ್ವಿಕ್ ಘಟಕರ ಎಂಟು ಚಿತ್ರಗಳು: ತಾರತಮ್ಯ ವಿಚಾರ

೧

ಕಲ್ಕತ್ತಾ ನಗರದ ದಕ್ಷಿಣ ಭಾಗದಲ್ಲಿರುವ ಟಾಲಿಗಂಜಿಗೆ ಆ ಹೆಸರು ಬಂದದ್ದು ವಿಲಿಯಂ ಟಾಲಿ ಎಂಬ ಆಂಗ್ಲ ಅಧಿಕಾರಿಯಿಂದ. ಹದಿನೆಂಟನೆಯ ಶತಮಾನದ ಕೊನೆಯ ಪಾದದಲ್ಲಿ ಆತನು ಹೂಳು ತುಂಬಿದ್ದ ಆದಿಗಂಗೆಯ ಪಾತ್ರವನ್ನು ತೋಡಿಸಿ ದೋಣಿಗಳು ಸಂಚರಿಸುವಂತೆ ಮಾಡಿದನು. ಆ ಕಾಲುವೆಗೆ ಆತನ ಹೆಸರು ನಿಂತಿತು; ಕಾಲುವೆಯ ದಂಡೆಯ ಪೇಟೆಗೂ ಅದೇ ಹೆಸರಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಈ ಸ್ಥಳಕ್ಕೆ ಪ್ರಸಿದ್ಧಿ ತಂದದ್ದು ಚಲಚ್ಚಿತ್ರೋದ್ಯಮ. ೧೯೩೧ರಲ್ಲಿ ಬೀರೇಂದ್ರನಾಥ ಸರ್ಕಾರರು ಸ್ಥಾಪಿಸಿದ ನ್ಯೂ ಥಿಯೇಟರ್ಸ್ ಸಂಸ್ಥೆಯ ಸ್ಟುಡಿಯೋ ಇಲ್ಲಿಯೇ ನೆಲೆಗೊಂಡಿತು. ಅದರ ಆಸುಪಾಸಿನಲ್ಲಿ ಇತರ ಸ್ಟುಡಿಯೋಗಳೂ ಎದ್ದುವು. ಬಂಗಾಳಿ ಚಿತ್ರೋದ್ಯಮಕ್ಕೆ ‘ಟಾಲಿವುಡ್’ ಎಂಬ ಅಡ್ಡಹೆಸರು ಹುಟ್ಟಿದ್ದು ಈ ಬಡಾವಣೆಯಿಂದಲೇ.

ಆದರೆ ಟಾಲಿಗಂಜಿಗೆ ಇನ್ನೊಂದು ಚರಿತ್ರೆಯೂ ಉಂಟು. ೧೯೪೭ರ ದೇಶವಿಭಜನೆಯ ತರುವಾಯ ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ಕಲ್ಕತ್ತೆಗೆ ಬಂದರು. ಅವರಲ್ಲಿ ಅನೇಕರು ಟಾಲಿಗಂಜ್ ಮತ್ತು ಜಾದವಪುರಗಳ ಸುತ್ತಣ ಪಾಳುನೆಲಗಳಲ್ಲಿ ಬಿದಿರು ತಡಿಕೆಯ ಮನೆಗಳನ್ನು ಕಟ್ಟಿಕೊಂಡು, ನೆಲದೊಡೆಯರ ಹಾಗೂ ಸರ್ಕಾರದ ವಿರೋಧವನ್ನು ಎದುರಿಸಿ ನಿಂತರು. ವಿಜಯಗಢ, ಆಜಾದ್‌ಗಢ, ನೇತಾಜಿನಗರ ಮೊದಲಾದ ಕಾಲೊನಿಗಳು ಹುಟ್ಟಿದುದು ಹೀಗೆ. ಇವುಗಳಲ್ಲಿ ವಿಜಯಗಢವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಕಟ್ಟಿ, ಅನಂತರ ಬರಿದಾಗಿ ಬಿದ್ದಿದ್ದ ಶಿಬಿರದ ಮೇಲೆ ಬೆಳೆದುದು. ಹೀಗೆ ಒಂದೇ ಪ್ರದೇಶದಲ್ಲಿ ಕೃತಕ ಮನೆಗಳನ್ನು ಕಟ್ಟಿ ಕಥೆ ಹೇಳುವ ಸ್ಟುಡಿಯೋಗಳೂ, ಮನೆ ಕಳೆದುಕೊಂಡು ಬಂದವರ ನಿಜವಾದ ಗುಡಿಸಲುಗಳೂ ನೆರೆಹೊರೆಯಾದುವು. ಆದರೂ ಆ ಗುಡಿಸಲುಗಳ ದುಃಖ ಈ ಸ್ಟುಡಿಯೋಗಳ ಚಿತ್ರಗಳಲ್ಲಿ ಬಹುಕಾಲ ಕಾಣಿಸಿಕೊಂಡದ್ದು ಅಪರೂಪ. ಅದನ್ನು ತನ್ನ ಜೀವಮಾನದ ವಸ್ತುವನ್ನಾಗಿ ಮಾಡಿಕೊಂಡ ನಿರ್ದೇಶಕರು ಋತ್ವಿಕ್ ಕುಮಾರ ಘಟಕರು. ೧೯೨೫ರ ನವೆಂಬರ್ ೪ರಂದು ಢಾಕಾದಲ್ಲಿ ಹುಟ್ಟಿದ ಇವರ ಜನ್ಮಶತಾಬ್ದಿ ೨೦೨೫ರಲ್ಲಿ ಪೂರ್ಣಗೊಂಡಿತು. ಅವರು ಮುಗಿಸಿದ ಕಥಾಚಿತ್ರಗಳು ಒಟ್ಟು ಎಂಟು. ಆ ಎಂಟರೊಳಗಣ ತಾರತಮ್ಯವನ್ನು ಗೊತ್ತುಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಘಟಕರಷ್ಟು ವಿವಾದಕ್ಕೆ ಗುರಿಯಾದ ನಿರ್ದೇಶಕರು ಭಾರತದಲ್ಲಿ ವಿರಳ. ಅವರ ಕಲಾಜೀವನ ಆರಂಭವಾದುದು ಭಾರತೀಯ ಜನನಾಟ್ಯ ಸಂಘದಲ್ಲಿ, ನಟರಾಗಿ, ನಾಟಕಕಾರರಾಗಿ. ನಿಮಾಯಿ ಘೋಷರು ೧೯೫೦ರಲ್ಲಿ ನಿರಾಶ್ರಿತರನ್ನು ಕುರಿತು ತೆಗೆದ ‘ಛಿನ್ನಮೂಲ್’ ಚಿತ್ರದಲ್ಲಿ ಅವರು ನಟಿಸಿದರು, ಸಹಾಯಕರಾಗಿಯೂ ದುಡಿದರು. ಕಲೆ ಮತ್ತು ಪಕ್ಷಗಳ ಸಂಬಂಧ ಹೇಗಿರಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ಬೆಳೆದು, ೧೯೫೫ರಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ಹೊರಹಾಕಲ್ಪಟ್ಟರು. ಅವರನ್ನು ಕುರಿತ ದೊಡ್ಡ ವಿವಾದಗಳಲ್ಲಿ ಇದು ಮೊದಲನೆಯದು.

ಎರಡನೆಯದು ಅವರ ಶೈಲಿಯನ್ನು ಕುರಿತದ್ದು. ೧೯೫೫ರಲ್ಲಿ ಸತ್ಯಜಿತ ರಾಯರ ‘ಪಥೇರ್ ಪಾಂಚಾಲಿ’ ಬಂದ ಮೇಲೆ ಬಂಗಾಳದ ವಿದ್ಯಾವಂತ ಪ್ರೇಕ್ಷಕರು ಸಂಯಮವನ್ನೇ ಉತ್ತಮ ಚಿತ್ರದ ಲಕ್ಷಣವೆಂದು ಒಪ್ಪಿಕೊಂಡರು. ಘಟಕರಾದರೋ ಅತಿಭಾವುಕತೆ, ಕಾಕತಾಳೀಯ ಘಟನೆ, ಪುರಾಣದ ಪ್ರತಿಮೆ, ಕಿವಿಗೆ ಬಡಿಯುವ ಧ್ವನಿ ಇವನ್ನೆಲ್ಲ ತಿಳಿದೂ ತಿಳಿದೂ ಬಳಸಿದರು. ಇದು ಹಳೆಯ ಜಾತ್ರಾ ನಾಟಕದ ದೋಷವೆಂದು ಕೆಲವರು ಟೀಕಿಸಿದರು. ನೆಲದ ಸಂಪ್ರದಾಯದಿಂದ ಹುಟ್ಟಿದ ಹೊಸ ರೀತಿಯೆಂದು ಕೆಲವರು ಹೊಗಳಿದರು. ಮೂರನೆಯ ವಿವಾದ ಅವರ ಬಾಳನ್ನು ಕುರಿತದ್ದು. ಮದ್ಯಪಾನದಿಂದಲೂ ಮನೋವ್ಯಾಧಿಯಿಂದಲೂ ಅವರು ಬಳಲಿದರು; ಕೈಗೆತ್ತಿಕೊಂಡ ಹಲವು ಚಿತ್ರಗಳನ್ನು ಅರ್ಧಕ್ಕೆ ಬಿಟ್ಟರು. ಈ ಸಂಗತಿಗಳನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಆದರೆ ಕವಿಯ ಬಾಳಿನ ದೋಷವನ್ನು ಕಾವ್ಯದ ದೋಷವೆಂದು ಎಣಿಸುವುದು ಸರಿಯಾದ ವಿಮರ್ಶೆಯಾಗದು.

ಇಷ್ಟಾದರೂ ಮನ್ನಣೆ ಅವರಿಗೆ ದೊರೆಯಲೇ ಇಲ್ಲವೆಂದು ಹೇಳುವಂತಿಲ್ಲ. ೧೯೬೫ರಲ್ಲಿ ಪುಣೆಯ ಫಿಲ್ಮ್ ಇನ್ಸ್‌ಟಿಟ್ಯೂಟಿಗೆ ಹೋಗಿ ಅಲ್ಲಿ ಉಪಪ್ರಾಂಶುಪಾಲರಾದರು. ಅಲ್ಲಿದ್ದ ಅವಧಿ ಅಲ್ಪವಾದರೂ ಮಣಿ ಕೌಲ್, ಕುಮಾರ ಶಹಾನಿ, ಜಾನ್ ಅಬ್ರಹಾಂ ಇವರಂತಹ ಶಿಷ್ಯರನ್ನು ಪಡೆದರು. ೧೯೭೦ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ೧೯೭೬ರ ಫೆಬ್ರವರಿ ೬ರಂದು ಐವತ್ತನೆಯ ವಯಸ್ಸಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು.

೩

ಅವರ ಚಿತ್ರಗಳ ತಾರತಮ್ಯವನ್ನು ಕುರಿತು ಮಾತನಾಡುವವರು ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಘಟಕರ ಜೀವಿತಕಾಲದಲ್ಲಿ ಸಾಮಾನ್ಯ ಪ್ರೇಕ್ಷಕನು ಅವರ ಎಂಟು ಚಿತ್ರಗಳನ್ನೂ ನೋಡುವುದು ಸಾಧ್ಯವೇ ಇರಲಿಲ್ಲ. ಮೊದಲನೆಯ ಚಿತ್ರವಾದ ‘ನಾಗರಿಕ’ ೧೯೫೨ರಲ್ಲಿ ಸಿದ್ಧವಾದರೂ ಬಿಡುಗಡೆಯಾದುದು ೧೯೭೭ರಲ್ಲಿ. ಕೊನೆಯ ಚಿತ್ರವಾದ ‘ಜುಕ್ತಿ ತಕ್ಕೋ ಆರ್ ಗಪ್ಪೋ’ ೧೯೭೪ರಲ್ಲಿ ಮುಗಿದರೂ ಚಿತ್ರಮಂದಿರಕ್ಕೆ ಬಂದದ್ದು ಅದೇ ೧೯೭೭ರಲ್ಲಿ. ಎಂದರೆ ಆದಿಯೂ ಅಂತ್ಯವೂ ನಿರ್ದೇಶಕರ ಮರಣಾನಂತರವೇ ಜನರ ಕಣ್ಣಿಗೆ ಬಿದ್ದುವು. ‘ನಾಗರಿಕ’ ಸಕಾಲದಲ್ಲಿ ಬಂದಿದ್ದರೆ, ಬಂಗಾಳದ ಹೊಸ ಚಿತ್ರಗಳ ಚರಿತ್ರೆಯನ್ನು ‘ಪಥೇರ್ ಪಾಂಚಾಲಿ’ಗಿಂತ ಮೂರು ವರ್ಷ ಹಿಂದಿನಿಂದ ಬರೆಯಬೇಕಾಗುತ್ತಿತ್ತು.

ಹೀಗೆ ಅಪೂರ್ಣವಾದ ಆಧಾರದ ಮೇಲೆ ಸಮಕಾಲೀನರು ಮಾಡಿದ ತೀರ್ಮಾನ ಕೇವಲ ಅಭಿಪ್ರಾಯವಾಗಿ ಉಳಿಯಲಿಲ್ಲ. ಚಲಚ್ಚಿತ್ರವು ಹಣವನ್ನು ಬೇಡುವ ಕಲೆ. ಇಲ್ಲಿ ‘ಮೇಲು’, ‘ಕೀಳು’ ಎಂಬ ಮಾತುಗಳು ಮುಂದಿನ ಚಿತ್ರಕ್ಕೆ ಹಣ ಹೂಡುವವರನ್ನು ತರುತ್ತವೆ ಅಥವಾ ಓಡಿಸುತ್ತವೆ. ಅವರ ಜೀವಿತಕಾಲದಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಗೆದ್ದ ಚಿತ್ರ ೧೯೬೦ರ ‘ಮೇಘೇ ಢಾಕಾ ತಾರಾ’ ಒಂದೇ. ಮರುವರ್ಷದ ‘ಕೋಮಲ ಗಾಂಧಾರ’ ಎಡಪಂಥೀಯ ಗೆಳೆಯರಿಗೂ ಹಿಡಿಸಲಿಲ್ಲ, ಪೇಟೆಯಲ್ಲಿಯೂ ಸೋತಿತು. ಅದರ ನಷ್ಟ ನಿರ್ದೇಶಕರ ತಲೆಯ ಮೇಲೆಯೇ ಬಿದ್ದಿತು. ೧೯೬೨ರಲ್ಲಿ ತೆಗೆದ ‘ಸುವರ್ಣರೇಖಾ’ ತೆರೆಗೆ ಬಂದದ್ದು ೧೯೬೫ರಲ್ಲಿ. ಅದಾದ ಮೇಲೆ ೧೯೭೩ರ ತನಕ ಒಂದು ಕಥಾಚಿತ್ರವನ್ನೂ ಪೂರ್ಣಗೊಳಿಸಲು ಅವರಿಂದಾಗಲಿಲ್ಲ. ನಿರ್ಮಾಪಕರ ಹಿಂಜರಿಕೆ ಎಷ್ಟು, ಅವರ ಸ್ವಂತ ಅಶಿಸ್ತು ಎಷ್ಟು ಎಂದು ಪಾಲು ಹಂಚುವುದು ಕಷ್ಟ. ಎರಡೂ ಕೂಡಿ ಶಕ್ತಿಯ ಉತ್ಕರ್ಷದ ಒಂದು ದಶಕ ಬರಿದಾಯಿತೆಂಬುದು ಮಾತ್ರ ಸ್ಪಷ್ಟ. ಆದುದರಿಂದ ಈ ತಾರತಮ್ಯ ವಿಚಾರವು ವಿರಾಮಕಾಲದ ವಿನೋದವಲ್ಲ. ಹಿಂದೆ ನಡೆದುಹೋದ ಒಂದು ತೀರ್ಪಿನ ಪುನರ್ವಿಮರ್ಶೆ.

ಈಚೆಗೆ ಆ ತೀರ್ಪು ಬಹುಮಟ್ಟಿಗೆ ತಿರುಗಿದೆ. ಅಂತರರಾಷ್ಟ್ರೀಯ ಚಿತ್ರವಿಮರ್ಶಕರ ಒಕ್ಕೂಟದ ಭಾರತ ಶಾಖೆಯು ೨೦೨೨ರಲ್ಲಿ ಭಾರತದ ಅತ್ಯುತ್ತಮ ಹತ್ತು ಚಿತ್ರಗಳನ್ನು ಆರಿಸಿದಾಗ, ‘ಪಥೇರ್ ಪಾಂಚಾಲಿ’ಗೆ ಮೊದಲನೆಯ ಸ್ಥಾನವೂ ‘ಮೇಘೇ ಢಾಕಾ ತಾರಾ’ಕ್ಕೆ ಎರಡನೆಯ ಸ್ಥಾನವೂ ದೊರೆತುವು. ಅದೇ ಪಟ್ಟಿಯಲ್ಲಿ ಐದನೆಯದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, ಆರನೆಯದು ಮೈಸೂರಿನವರಾದ ಎಂ. ಎಸ್. ಸತ್ಯು ಅವರ ‘ಗರಂ ಹವಾ’ ಎಂಬುದನ್ನು ಕನ್ನಡಿಗರು ಸಂತೋಷದಿಂದ ನೆನೆಯಬಹುದು. ಆದರೆ ಘಟಕರ ಚಿತ್ರಗಳಲ್ಲಿ ‘ಮೇಘೇ ಢಾಕಾ ತಾರಾ’ವೇ ಶ್ರೇಷ್ಠವೆಂಬ ಈ ಸಾಮಾನ್ಯ ಅಭಿಪ್ರಾಯವನ್ನೂ ಪರೀಕ್ಷಿಸಬೇಕಾಗಿದೆ.

೪

ಪರೀಕ್ಷೆಗೆ ಅಳತೆಗೋಲು ಬೇಕು. ಪಂಪ ಹೆಚ್ಚೋ ರನ್ನ ಹೆಚ್ಚೋ ಎಂಬ ಚರ್ಚೆಗಳು ಕನ್ನಡದಲ್ಲಿ ಅನೇಕ ವೇಳೆ ಹುರುಳಿಲ್ಲದೆ ಮುಗಿದಿರುವುದಕ್ಕೆ ಕಾರಣ, ವಾದಿಸುವವರು ಬೇರೆ ಬೇರೆ ಅಳತೆಗಳನ್ನು ಹಿಡಿದಿದ್ದುದೇ. ಘಟಕರ ಚಿತ್ರಗಳಿಗೆ ಹೊರಗಿನಿಂದ ಅಳತೆಯನ್ನು ತರಬೇಕಾದ ಅವಶ್ಯಕತೆ ಇಲ್ಲ. ಅವುಗಳೇ ಒಂದನ್ನು ಒದಗಿಸುತ್ತವೆ. ಎಂಟು ಚಿತ್ರಗಳ ವಸ್ತುವೂ ಒಂದೇ, ಅದು ಮನೆ. ‘ನಾಗರಿಕ’ದ ಕುಟುಂಬ ಇದ್ದ ಮನೆಯನ್ನು ಬಿಟ್ಟು ಕೊಳೆಗೇರಿಗೆ ಇಳಿಯುತ್ತದೆ. ‘ಅಜಾಂತ್ರಿಕ್’ದ ಏಕಾಂಗಿ ಚಾಲಕನಿಗೆ ಅವನ ಮುರುಕು ಕಾರೇ ಮನೆ, ಅದೇ ಸಂಸಾರ. ‘ಬಾಡಿ ಥೇಕೆ ಪಾಲಿಯೇ’ ಎಂಬ ಹೆಸರಿಗೆ ಮನೆಯಿಂದ ಓಡಿಹೋಗಿ ಎಂದೇ ಅರ್ಥ. ಉಳಿದವುಗಳಲ್ಲಿಯೂ ಮನೆಯನ್ನು ಕಳೆದುಕೊಳ್ಳುವುದು, ಕಟ್ಟುವುದು, ಹುಡುಕುವುದು ಇವೇ ಕಥೆಯನ್ನು ನಡೆಸುತ್ತವೆ.

ಹಾಗಾದರೆ ಕೇಳಬೇಕಾದ ಪ್ರಶ್ನೆಗಳು ಎರಡು. ಮನೆಯ ಬೆಲೆಯನ್ನು ಯಾರು ತೆತ್ತರು ಎಂಬ ವಿಚಾರವನ್ನು ಚಿತ್ರವು ಎಷ್ಟು ಆಳಕ್ಕೆ ಒಯ್ಯುತ್ತದೆ? ಆ ವಿಚಾರವನ್ನು ಮಾತಿನಿಂದಲ್ಲದೆ ದೃಶ್ಯದಿಂದಲೂ ಧ್ವನಿಯಿಂದಲೂ ಎಷ್ಟರಮಟ್ಟಿಗೆ ಸಾಧಿಸುತ್ತದೆ? ಈ ಎರಡನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹೋಗಬಹುದು.

೫

ಎಂಟನೆಯ ಸ್ಥಾನ ‘ಬಾಡಿ ಥೇಕೆ ಪಾಲಿಯೇ’ ಚಿತ್ರಕ್ಕೆ ಸಲ್ಲುತ್ತದೆ. ಶಿಬ್‌ರಾಮ ಚಕ್ರವರ್ತಿಯವರ ಕಥೆಯನ್ನು ಅವಲಂಬಿಸಿದ ಇದರಲ್ಲಿ ಕಾಂಚನನೆಂಬ ಹಳ್ಳಿಯ ಹುಡುಗ ಕಲ್ಕತ್ತೆಯನ್ನು ಚಿನ್ನದ ನಾಡೆಂದು ಭಾವಿಸಿ ಓಡಿಬರುತ್ತಾನೆ. ಇಲ್ಲಿಯ ಹಸಿವು, ಬಡತನಗಳನ್ನು ಕಂಡು ಊರಿಗೆ ಮರಳುತ್ತಾನೆ. ಮಗುವಿನ ಕಣ್ಣಿನಿಂದ ನಗರವನ್ನು ಕಾಣಿಸುವ ಕೆಲವು ಭಾಗಗಳು ಸೊಗಸಾಗಿವೆ. ಆದರೆ ಹುಡುಗನಿಗೆ ಹಿಂದಿರುಗಲು ಮನೆ ಇದೆ. ಪ್ರಶ್ನೆ ಅಲ್ಲಿಗೇ ಬಗೆಹರಿಯುವುದರಿಂದ ಚಿತ್ರದ ಭಾರವೂ ಕಡಮೆಯಾಗುತ್ತದೆ.

ಏಳನೆಯದು ‘ನಾಗರಿಕ’. ಕೆಲಸಕ್ಕಾಗಿ ಅಲೆಯುವ ರಾಮು ಎಂಬ ಯುವಕ, ದಿನದಿನಕ್ಕೆ ಕುಸಿಯುವ ಅವನ ಮನೆತನ, ಕೊನೆಗೆ ಕೊಳೆಗೇರಿಗೆ ಪಯಣ, ಇಷ್ಟೇ ಕಥೆ. ನಾಟಕದ ಛಾಯೆ ಇನ್ನೂ ಬಿಟ್ಟಿಲ್ಲ, ಮಾತು ಹೆಚ್ಚು. ಚರಿತ್ರೆಯಲ್ಲಿ ಇದರ ಬೆಲೆ ದೊಡ್ಡದು, ಕಲೆಯಲ್ಲಿ ಮಧ್ಯಮ. ಈ ಎರಡು ಬೆಲೆಗಳನ್ನು ಬೆರೆಸಬಾರದು.

ಆರನೆಯದು ‘ಕೋಮಲ ಗಾಂಧಾರ’. ಈ ಹೆಸರು ರವೀಂದ್ರನಾಥ ಠಾಕೂರರ ಕವಿತೆಯೊಂದರಿಂದ ಬಂದದ್ದು. ಈ ಸ್ವರಸ್ಥಾನಕ್ಕೆ ಕರ್ಣಾಟಕ ಸಂಗೀತದಲ್ಲಿ ಸಾಧಾರಣ ಗಾಂಧಾರವೆಂದು ಹೆಸರು. ಒಡೆದುಹೋದ ಎರಡು ನಾಟಕ ತಂಡಗಳನ್ನು ಒಂದುಗೂಡಿಸಲು ಯತ್ನಿಸುವ ಅನಸೂಯಾ ಮತ್ತು ಭೃಗು ಎಂಬವರ ಕಥೆಯ ಮೂಲಕ ಘಟಕರು ಒಡೆದ ನಾಡನ್ನೂ ಒಡೆದ ಜನನಾಟ್ಯ ಸಂಘವನ್ನೂ ಏಕಕಾಲದಲ್ಲಿ ಹೇಳಲು ಹೊರಟರು. ಪದ್ಮಾ ನದಿಯ ದಂಡೆಯಲ್ಲಿ ರೈಲುಹಳಿ ಹಠಾತ್ತನೆ ಮುಗಿಯುವ ದೃಶ್ಯ ಭಾರತೀಯ ಚಲಚ್ಚಿತ್ರದ ಅವಿಸ್ಮರಣೀಯ ಪ್ರತಿಮೆಗಳಲ್ಲಿ ಒಂದು. ಆಚೆಯ ದಡದಲ್ಲಿ ಹುಟ್ಟೂರು. ಈಚೆಗೆ ಹಳಿಗೆ ಅಡ್ಡವಾಗಿ ನಿಲ್ಲಿಸಿದ ಮರದ ತಡೆ. ಕ್ಯಾಮೆರಾ ಹಳಿಯ ಗುಂಟ ವೇಗವಾಗಿ ನುಗ್ಗಿ, ಅಂಬಿಗರ ಕೂಗು ಏರುತ್ತಿರುವಾಗಲೇ ಆ ತಡೆಗೆ ತಾಗಿ ಕತ್ತಲಾಗುತ್ತದೆ. ಈ ಒಂದು ದೃಶ್ಯವನ್ನೇ ನೋಡಿದರೆ ಚಿತ್ರವು ಮೊದಲ ಮೂರರಲ್ಲಿ ನಿಲ್ಲಬೇಕು. ಆದರೆ ನಾಟಕ ತಂಡಗಳ ಒಳಜಗಳದ ಭಾಗವು ಒಳಗಿನವರಿಗೆ ತಿಳಿಯುವಷ್ಟು ಹೊರಗಿನವರಿಗೆ ತಿಳಿಯದು. ಸೋಲಿಗೆ ಪ್ರೇಕ್ಷಕರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಐದನೆಯದು ೧೯೫೮ರ ‘ಅಜಾಂತ್ರಿಕ್’. ಸುಬೋಧ ಘೋಷರ ಕಥೆಯನ್ನು ಆಧರಿಸಿದ ಈ ಚಿತ್ರದ ನಾಯಕ ಬಿಮಲ. ನಾಯಿಕೆಯೆಂದರೆ ಅವನ ಹಳೆಯ ಷೆವರ್ಲೆ ಕಾರು, ‘ಜಗದ್ದಲ್’. ರಾಂಚಿಯ ಸುತ್ತಣ ಕಾಡುಗುಡ್ಡಗಳಲ್ಲಿ, ಒರಾಂವ್ ಜನರ ನೃತ್ಯಗಳ ನಡುವೆ ಕಥೆ ಸಾಗುತ್ತದೆ. ಕಾರು ನೀರು ಕುಡಿಯುತ್ತದೆ, ಮುನಿಯುತ್ತದೆ, ಅಸೂಯೆಪಡುತ್ತದೆ. ಇದೆಲ್ಲವನ್ನೂ ಧ್ವನಿಯಿಂದಲೇ ಸಾಧಿಸಲಾಗಿದೆ. ಕೊನೆಯಲ್ಲಿ ಕಾರು ಗುಜರಿಗೆ ಹೋಗುತ್ತದೆ. ಅದರ ಹಾರ್ನನ್ನು ಒಂದು ಮಗು ಒತ್ತಿ ಆಡುವುದನ್ನು ಕಂಡು ಅಳುತ್ತಿದ್ದ ಬಿಮಲ ನಗುತ್ತಾನೆ. ಜೀವವಿಲ್ಲದುದರಲ್ಲಿ ಜೀವವನ್ನು ಕಾಣುವ ಈ ಭಾವ, ಆಯುಧಪೂಜೆಯ ದಿನ ಗಾಡಿಗೆ ಹೂವೇರಿಸಿ ಕುಂಕುಮ ಹಚ್ಚುವ ಕನ್ನಡಿಗರಿಗೆ ಅಪರಿಚಿತವೇನೂ ಅಲ್ಲ. ಇದೇ ೧೯೫೮ರಲ್ಲಿ ಘಟಕರೇ ಕಥೆ ಒದಗಿಸಿದ, ಬಿಮಲ ರಾಯರ ‘ಮಧುಮತಿ’ ಹಿಂದಿಯಲ್ಲಿ ದೊಡ್ಡ ಜಯ ಗಳಿಸಿತು. ‘ಅಜಾಂತ್ರಿಕ್’ ಮಾತ್ರ ಪೇಟೆಯಲ್ಲಿ ನಿಲ್ಲಲಿಲ್ಲ. ರಚನೆಯ ಅಚ್ಚುಕಟ್ಟಿನಲ್ಲಿ ಇದು ಎಂಟರಲ್ಲಿಯೂ ಮುಂದು. ವಸ್ತುವಿನ ವಿಸ್ತಾರದಲ್ಲಿ ಮಾತ್ರ ಮುಂದಿನ ನಾಲ್ಕಕ್ಕೆ ಸಮನಾಗದು.

೬

ನಾಲ್ಕನೆಯದು ‘ಜುಕ್ತಿ ತಕ್ಕೋ ಆರ್ ಗಪ್ಪೋ’. ಯುಕ್ತಿ, ತರ್ಕ ಮತ್ತು ಕಥೆ ಎಂದು ಇದರ ಭಾವ. ಕುಡಿತಕ್ಕೆ ಬಿದ್ದ ನೀಲಕಂಠ ಬಾಗ್ಚಿ ಎಂಬ ಬುದ್ಧಿಜೀವಿಯ ಪಾತ್ರವನ್ನು ಘಟಕರೇ ಧರಿಸಿದರು. ಹೆಂಡತಿ ಮಗನನ್ನು ಕರೆದುಕೊಂಡು ಮನೆ ಬಿಟ್ಟು ಹೋಗುತ್ತಾಳೆ. ನೀಲಕಂಠನು ನಿರುದ್ಯೋಗಿ ತರುಣ, ಪೂರ್ವ ಬಂಗಾಳದಿಂದ ಓಡಿಬಂದ ಹುಡುಗಿ, ಕೆಲಸವಿಲ್ಲದ ಸಂಸ್ಕೃತ ಪಂಡಿತ ಇವರೊಡನೆ ಅಲೆಯುತ್ತ ಹೊರಡುತ್ತಾನೆ. ಕೊನೆಗೆ ಸಾಲವೃಕ್ಷಗಳ ಕಾಡಿನಲ್ಲಿ ನಕ್ಸಲ್ ತರುಣರಿಗೂ ಪೋಲೀಸರಿಗೂ ನಡೆಯುವ ಗುಂಡಿನ ಕಾಳಗದಲ್ಲಿ ಸಾಯುತ್ತಾನೆ. ಸಾಯುವಾಗ ಅವನು ನೆನೆಯುವುದು ಮಾಣಿಕ ಬಂದ್ಯೋಪಾಧ್ಯಾಯರ ಕಥೆಯ ನೇಕಾರನನ್ನು: ಶೋಷಕನ ನೂಲನ್ನು ಮುಟ್ಟಲೊಲ್ಲದೆ, ಕೈ ಕಾಲು ಜಡವಾಗದಿರಲೆಂದು ನೂಲಿಲ್ಲದ ಮಗ್ಗವನ್ನು ಆಡಿಸಿದವನನ್ನು. ಚಿತ್ರ ಒರಟಾಗಿದೆ, ಕೆಲವೆಡೆ ಜಾಳಾಗಿದೆ. ಆದರೆ ನಿರ್ದೇಶಕನೊಬ್ಬ ತನ್ನ ಪೀಳಿಗೆಯ ಸೋಲಿನ ಲೆಕ್ಕವನ್ನು ತನ್ನ ಹೆಸರಿನಲ್ಲಿಯೇ ಬರೆದುಕೊಳ್ಳುವ ಧೈರ್ಯ ಬೇರೆಡೆ ಸುಲಭವಾಗಿ ಸಿಕ್ಕದು. ಕಥಾರಚನೆಗೆ ಇದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು.

ಮೂರನೆಯದು ೧೯೭೩ರ ‘ತಿತಾಸ್ ಏಕ್ಟಿ ನದೀರ್ ನಾಮ್’. ಬಾಂಗ್ಲಾದೇಶವು ೧೯೭೧ರಲ್ಲಿ ಸ್ವತಂತ್ರವಾದ ಮೇಲೆ ಘಟಕರು ಹುಟ್ಟಿದ ನೆಲಕ್ಕೆ ಹೋಗಿ ಇದನ್ನು ತೆಗೆದರು. ಮೂಲ ಕಾದಂಬರಿಯ ಕರ್ತೃ ಅದ್ವೈತ ಮಲ್ಲವರ್ಮಣರು ಸ್ವತಃ ಮಾಲೋ ಎಂಬ ಬೆಸ್ತರ ಕುಲದವರು; ೧೯೫೧ರಲ್ಲಿ ಅವರು ತೀರಿಕೊಂಡ ಅನಂತರ ಕಾದಂಬರಿ ಪುಸ್ತಕರೂಪದಲ್ಲಿ ಬಂದಿತು. ನದಿ ಇರುವವರೆಗೆ ಕುಲ ಇರುತ್ತದೆ. ನದಿ ಬತ್ತಿದಾಗ ಹಾಡು, ಮದುವೆ, ನೆರೆಹೊರೆ ಎಲ್ಲವೂ ಒಣಗುತ್ತವೆ. ಕೊನೆಯಲ್ಲಿ ವಾಸಂತಿ ಒಣ ಮರಳನ್ನು ಬಗೆದು ನೀರನ್ನು ಹುಡುಕುತ್ತ ಪ್ರಾಣಬಿಡುತ್ತಾಳೆ. ಆ ಕ್ಷಣದಲ್ಲಿ ಆಕೆ ಕಾಣುವುದು, ನದಿಯ ಪಾತ್ರದಲ್ಲಿ ಬೆಳೆದ ಪೈರಿನ ನಡುವೆ ಎಲೆಯ ಪೀಪಿ ಊದುತ್ತ ಓಡುವ ಮಗುವನ್ನು. ಒಬ್ಬರ ಮನೆ ಅಳಿದಲ್ಲಿ ಇನ್ನೊಬ್ಬರ ಬೆಳೆ ಬೆಳೆಯಿತೆಂಬ ಕಠಿನ ಸತ್ಯವನ್ನು ಚಿತ್ರವು ರೋಷವಿಲ್ಲದೆ ಹೇಳುತ್ತದೆ. ೨೦೧೦ರಲ್ಲಿ ಈ ಚಿತ್ರವನ್ನು ಇಟಲಿಯ ಬೊಲೊನ್ಯದಲ್ಲಿ ಜೀರ್ಣೋದ್ಧಾರ ಮಾಡಲಾಯಿತು.

ಉಳಿದವು ‘ಮೇಘೇ ಢಾಕಾ ತಾರಾ’ ಮತ್ತು ‘ಸುವರ್ಣರೇಖಾ’. ಎರಡೂ ನಿರಾಶ್ರಿತರ ಕಾಲೊನಿಯ ಕಥೆಗಳು, ಎರಡರ ಕೇಂದ್ರದಲ್ಲಿಯೂ ಅಣ್ಣ ತಂಗಿಯರು. ‘ಮೇಘೇ ಢಾಕಾ ತಾರಾ’ದ ನೀತಾ ದುಡಿದು ಇಡೀ ಮನೆಯನ್ನು ಸಾಕುತ್ತಾಳೆ. ಅವಳ ಸಂಬಳ ಮನೆಗೆ, ಅವಳ ಪ್ರಿಯಕರ ತಂಗಿಗೆ, ಅವಳ ಆರೋಗ್ಯ ಕ್ಷಯಕ್ಕೆ. ಸುಪ್ರಿಯಾ ಚೌಧುರಿಯವರ ಅಭಿನಯ, ಮೋಸವನ್ನರಿತು ಮೆಟ್ಟಿಲಿಳಿಯುವಾಗ ಕೇಳುವ ಚಾವಟಿಯ ಹೊಡೆತದ ಧ್ವನಿ, ಅಣ್ಣ ಶಂಕರನು ಸಾಧನೆ ಮಾಡುವ ಹಂಸಧ್ವನಿ ರಾಗ, ಇವು ಚಿತ್ರವನ್ನು ಎತ್ತರಕ್ಕೆ ಒಯ್ದಿವೆ. ಆ ಹಾಡನ್ನು ಹಾಡಿದವರು ಮದರಾಸಿನಿಂದ ಬಂದು ಕಲ್ಕತ್ತೆಯಲ್ಲಿ ನೆಲಸಿದ ಎ. ಕಾನನರು; ರಾಗವು ಕರ್ಣಾಟಕ ಸಂಗೀತದಿಂದ ಉತ್ತರಕ್ಕೆ ಹೋದುದು. ನೀತಾ ಹುಟ್ಟಿದುದು ಜಗದ್ಧಾತ್ರೀ ಪೂಜೆಯ ದಿನ. ಗೌರಿಯನ್ನು ತವರಿಗೆ ಕರೆದು, ಉಡಿ ತುಂಬಿ ಕಳುಹಿಸುವ ಹಬ್ಬವನ್ನು ಬಲ್ಲ ಕನ್ನಡಿಗನಿಗೆ, ಉಮೆಯನ್ನು ಬೀಳ್ಕೊಡುವ ಬಂಗಾಳಿ ಹಾಡು ಇಲ್ಲಿ ಕೇಳಿಬಂದಾಗ ಅದರ ಕ್ರೂರ ವ್ಯಂಗ್ಯ ಕೂಡಲೇ ತಿಳಿಯುತ್ತದೆ. ಇಲ್ಲಿ ಮಗಳನ್ನು ಕಳುಹಿಸುತ್ತಿರುವುದು ಸಾವಿಗೆ. ಮನೆಗೆ ಮಹಡಿ ಏರುವ ಹೊತ್ತಿಗೆ, ಮನೆಯನ್ನು ಸಾಕಿದವಳಿಗೆ ಅಲ್ಲಿ ಜಾಗವಿಲ್ಲ. ಷಿಲ್ಲಾಂಗಿನ ಗಿರಿಗಳಲ್ಲಿ ತಾನು ಬದುಕಬಯಸಿದ್ದೆನೆಂದು ಅವಳು ಕೂಗುವ ಕೂಗನ್ನು ಒಮ್ಮೆ ಕೇಳಿದವರು ಮರೆಯಲಾರರು.

ಇಷ್ಟು ಗುಣಗಳಿರುವ ಚಿತ್ರಕ್ಕೆ ಎರಡನೆಯ ಸ್ಥಾನವೇಕೆ? ಕಾರಣ ಒಂದೇ. ನೀತಾ ನಿರಪರಾಧಿ, ಪ್ರೇಕ್ಷಕನು ಅವಳ ಪಕ್ಷದಲ್ಲಿ ನಿಂತು ಅಳುತ್ತಾನೆ, ಅತ್ತು ಹಗುರಾಗುತ್ತಾನೆ. ‘ಸುವರ್ಣರೇಖಾ’ ಆ ಅವಕಾಶವನ್ನು ಕೊಡುವುದಿಲ್ಲ.

‘ಸುವರ್ಣರೇಖಾ’ದ ಈಶ್ವರನು ನಿರಾಶ್ರಿತ. ತಂಗಿ ಸೀತೆಯನ್ನು ಸಾಕುತ್ತಾನೆ. ತಾಯಿಯಿಂದ ಬೇರೆಯಾದ ಅಭಿರಾಮನೆಂಬ ಹುಡುಗನನ್ನೂ ಮನೆಗೆ ಸೇರಿಸಿಕೊಳ್ಳುತ್ತಾನೆ. ಕಾಲೊನಿಯ ಸಂಗಾತಿಗಳನ್ನು ಬಿಟ್ಟು ಸುವರ್ಣರೇಖಾ ನದಿಯ ದಂಡೆಯಲ್ಲಿ ಒಂದು ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ, ಯುದ್ಧಕಾಲದ ಪಾಳು ವಿಮಾನನಿಲ್ದಾಣದಲ್ಲಿ ಮಕ್ಕಳು ಆಡುತ್ತಾರೆ. ಕಾಳಿಯ ವೇಷದ ಬಹುರೂಪಿಯೊಬ್ಬನು ಸೀತೆಯನ್ನು ಬೆದರಿಸುತ್ತಾನೆ. ಬೆಳೆದ ಮೇಲೆ ಸೀತೆ, ಅಭಿರಾಮರು ಪ್ರೀತಿಸುತ್ತಾರೆ. ರೈಲುನಿಲ್ದಾಣದಲ್ಲಿ ಸಾಯುತ್ತಿರುವ ಹೆಂಗಸೊಬ್ಬಳನ್ನು ಅಭಿರಾಮ ತನ್ನ ತಾಯಿ ಕೌಸಲ್ಯೆಯೆಂದು ಗುರುತಿಸುತ್ತಾನೆ. ಆಕೆ ಬಾಗ್ದಿ ಎಂಬ ಕೆಳಜಾತಿಯವಳೆಂಬುದು ಬಯಲಾಗುತ್ತದೆ. ಮಡಿವಂತನಾದ ಒಡೆಯನು ವ್ಯಾಪಾರದಲ್ಲಿ ಪಾಲು ಕೊಡುವ ಆಸೆ ತೋರಿಸಿರುವಾಗ ಈಶ್ವರನು ಅಭಿರಾಮನನ್ನು ತಳ್ಳಿಹಾಕುತ್ತಾನೆ. ಮುಂದೆ ಸೀತೆ ಅವನೊಡನೆ ಓಡಿಹೋಗಿ ಕಲ್ಕತ್ತೆಯ ಕೊಳೆಗೇರಿಯಲ್ಲಿ ಸಂಸಾರ ಹೂಡುತ್ತಾಳೆ. ಬಸ್ಸಿನ ಚಾಲಕನಾದ ಅಭಿರಾಮನು ಒಂದು ಅಪಘಾತವಾದಾಗ ಜನರ ಕೈಯಲ್ಲಿ ಸಾಯುತ್ತಾನೆ. ವರ್ಷಗಳ ಮೇಲೆ ಕುಡಿದು ಕನ್ನಡಕ ಕಳೆದುಕೊಂಡ ಈಶ್ವರನನ್ನು ಒಬ್ಬ ವೇಶ್ಯೆಯ ಕೋಣೆಗೆ ಕರೆತರುತ್ತಾರೆ. ಅವಳು ಸೀತೆ. ಅಣ್ಣನನ್ನು ಕಂಡೊಡನೆ ಅವಳು ಈಳಿಗೆಮಣೆಯ ಅಲಗಿನಿಂದ ಕತ್ತು ಕೊಯ್ದುಕೊಳ್ಳುತ್ತಾಳೆ.

ಇಲ್ಲಿ ಮನೆ ಕಳೆದುಕೊಂಡವನೇ ಇನ್ನೊಬ್ಬನನ್ನು ಮನೆಯಿಂದ ಹೊರಹಾಕಿದನು. ಹೊರಹಾಕಿಸಿದುದು ದೇಶವಿಭಜನೆಯಲ್ಲ, ಜಾತಿ. ಜಾತಿಯ ಹಿಂದೆ ಸಣ್ಣದೊಂದು ಪಾಲುಗಾರಿಕೆಯ ಲೋಭ. ಕೆಟ್ಟ ಮನುಷ್ಯನಲ್ಲ ಈಶ್ವರ. ಸಂಸಾರಸ್ಥ, ಪ್ರೀತಿವಂತ, ನೋಡುವವನಂತೆಯೇ ಇರುವವ. ಆದುದರಿಂದ ಪ್ರೇಕ್ಷಕನು ಅಳುವುದರ ಜೊತೆಗೆ ತಾನೂ ಉತ್ತರ ಕೊಡಬೇಕಾಗುತ್ತದೆ. ವಿಭಜನೆಯನ್ನು ಕುರಿತ ಬಹುಪಾಲು ಕೃತಿಗಳು ಹೊರಗಿನವರು ಮಾಡಿದ ಅನ್ಯಾಯವನ್ನು ಹೇಳುತ್ತವೆ. ‘ಸುವರ್ಣರೇಖಾ’ ಅನ್ಯಾಯಕ್ಕೆ ಒಳಗಾದವರು ತಮ್ಮೊಳಗೇ ಮಾಡಿದ ಅನ್ಯಾಯವನ್ನೂ ಹೇಳುತ್ತದೆ. ಮೊದಲನೆಯ ಸ್ಥಾನ ಇದಕ್ಕೇ ಸಲ್ಲಬೇಕು.

೭

ಇದಕ್ಕೆ ಬರುವ ಪ್ರಬಲವಾದ ಆಕ್ಷೇಪ ಹಳೆಯದು: ಕಲ್ಕತ್ತೆಯಂತಹ ಮಹಾನಗರದಲ್ಲಿ ಅಣ್ಣನು ತಂಗಿಯ ಕೋಣೆಗೇ ಹೋಗುವುದು ಕಾಕತಾಳೀಯವಲ್ಲವೇ? ಹೌದು, ಕಾಕತಾಳೀಯವೇ. ಆದರೆ ಪಾತ್ರಗಳ ಹೆಸರುಗಳನ್ನು ನೋಡಬೇಕು: ಸೀತೆ, ಅಭಿರಾಮ, ಕೌಸಲ್ಯೆ, ಈಶ್ವರ. ನಿರ್ದೇಶಕರು ದಿನಪತ್ರಿಕೆಯ ವರದಿಯನ್ನು ಬರೆಯುತ್ತಿಲ್ಲ, ಪುರಾಣದ ಕ್ರಮದಲ್ಲಿ ಕಥೆ ಹೇಳುತ್ತಿದ್ದಾರೆ. ಪುರಾಣದಲ್ಲಿ ಆಕಸ್ಮಿಕಕ್ಕೆ ಅರ್ಥವುಂಟು. ಈಶ್ವರನು ಆ ರಾತ್ರಿ ಯಾವ ಕೋಣೆಗೆ ಹೋಗಿದ್ದರೂ ಅಲ್ಲಿರುವವಳು ಯಾರೋ ಒಬ್ಬನ ತಂಗಿಯೇ ಎಂಬುದು ಚಿತ್ರದ ಇಂಗಿತ. ತಡವಾಗಿ ಬರೆದ ಕ್ಷಮಾಪಣೆಯಂತೆ ಕಾಣುವ ಕೊನೆಯ ಭಾಗವೂ ಈ ದೃಷ್ಟಿಯಿಂದ ಸಾರ್ಥಕ. ಎಲ್ಲವನ್ನೂ ಕಳೆದುಕೊಂಡ ಈಶ್ವರ, ಸೀತೆಯ ಮಗನಾದ ಬಿನುವಿನ ಕೈಹಿಡಿದು ನದಿಯ ದಂಡೆಗೆ ನಡೆಯುತ್ತಾನೆ. ಬಾಲಕಿಯಾಗಿದ್ದಾಗ ಸೀತೆ ಕೇಳಿದ್ದ ಹೊಸ ಮನೆಯನ್ನು ಈಗ ಅವಳ ಮಗ ಕೇಳುತ್ತಾನೆ.

ನಿರೂಪಣೆಯಲ್ಲಿ ಓರೆಕೋರೆಗಳಿಲ್ಲವೆಂದಲ್ಲ. ನಗರದ ಮೋಜಿನ ದೃಶ್ಯಗಳು ದೀರ್ಘವಾದುವು. ಹರಪ್ರಸಾದನ ಮಾತು ಕೆಲವೆಡೆ ಉಪನ್ಯಾಸವಾಗುತ್ತದೆ. ಇವುಗಳ ಗಣನೆಯಲ್ಲಿ ‘ಮೇಘೇ ಢಾಕಾ ತಾರಾ’ವೇ ಹೆಚ್ಚು ಹದವಾದುದು. ಹದಕ್ಕೆ ಹೆಚ್ಚು ಬೆಲೆ ಕೊಡುವವರು ಆ ಎರಡರ ಸ್ಥಾನಗಳನ್ನು ಅದಲುಬದಲು ಮಾಡಿದರೆ ಜಗಳವಾಡಬೇಕಾದುದಿಲ್ಲ.

೮

ಈ ವಿಚಾರದಿಂದ ಕನ್ನಡಿಗರಿಗೇನು ಪ್ರಯೋಜನವೆಂದು ಕೇಳಬಹುದು. ಮೊದಲಾಗಿ ಸಂಬಂಧಗಳು ಸ್ವಲ್ಪವಾದರೂ ಉಂಟು. ‘ಛಿನ್ನಮೂಲ್’ ನಿರ್ದೇಶಿಸಿದ ನಿಮಾಯಿ ಘೋಷರು ಅನಂತರ ಮದರಾಸಿನಲ್ಲಿ ನೆಲಸಿ, ಜಿ. ವಿ. ಅಯ್ಯರರ ೧೯೭೫ರ ಕನ್ನಡ ಚಿತ್ರ ‘ಹಂಸಗೀತೆ’ಗೆ ಛಾಯಾಗ್ರಾಹಕರಾಗಿ ದುಡಿದರು. ಘಟಕರು ಹಿಂದೆ ಪಾಠ ಹೇಳಿದ್ದ ಪುಣೆಯ ಸಂಸ್ಥೆಯಲ್ಲಿಯೇ ಕಾಸರವಳ್ಳಿಯವರೂ ಮುಂದೆ ಕಲಿತರು. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿದ ಅವರ ೨೦೦೨ರ ‘ದ್ವೀಪ’ದಲ್ಲಿ ಅಣೆಕಟ್ಟಿನ ನೀರು ಏರಿ ಮನೆಗಳನ್ನು ನುಂಗುತ್ತದೆ, ‘ತಿತಾಸ್’ನಲ್ಲಿ ನೀರು ಇಳಿದು ಮನೆಗಳು ಅಳಿಯುತ್ತವೆ. ಶರಾವತಿಯ ಮುಳುಗಡೆಯನ್ನು ಕಂಡ ನಾಡಿಗೆ ಈ ಎರಡು ಚಿತ್ರಗಳನ್ನು ಕೂಡಿಸಿ ನೋಡುವ ಹಕ್ಕಿದೆ.

ಎರಡನೆಯದು ಇನ್ನೂ ಹತ್ತಿರದ ವಿಷಯ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಜನರು ‘ಆರ್.ಎಚ್. ಕ್ಯಾಂಪ್’ ಎಂದು ಕರೆಯುವ ಪುನರ್ವಸತಿ ಶಿಬಿರಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ನೆಲಸಿವೆ. ಟಾಲಿಗಂಜಿನ ಕಾಲೊನಿಗಳ ಕಥೆಯ ಒಂದು ಕವಲು ಹೀಗೆ ತುಂಗಭದ್ರೆಯ ಬಯಲಿನವರೆಗೆ ಹರಿದುಬಂದಿದೆ. ‘ಸುವರ್ಣರೇಖಾ’ ಕೇಳುವ ಪ್ರಶ್ನೆ ಬಂದವರಿಗೆ ಮಾತ್ರವಲ್ಲ, ಬಂದವರನ್ನು ಬರಮಾಡಿಕೊಂಡ ಊರುಗಳಿಗೂ ಸಂಬಂಧಿಸಿದ್ದು.

ಇಲ್ಲಿಯವರೆಗಿನ ವಿಚಾರದಿಂದ ಹೊರಡುವ ಕ್ರಮ ಹೀಗಿದೆ: ‘ಸುವರ್ಣರೇಖಾ’, ‘ಮೇಘೇ ಢಾಕಾ ತಾರಾ’, ‘ತಿತಾಸ್ ಏಕ್ಟಿ ನದೀರ್ ನಾಮ್’, ‘ಜುಕ್ತಿ ತಕ್ಕೋ ಆರ್ ಗಪ್ಪೋ’, ‘ಅಜಾಂತ್ರಿಕ್’, ‘ಕೋಮಲ ಗಾಂಧಾರ’, ‘ನಾಗರಿಕ’, ‘ಬಾಡಿ ಥೇಕೆ ಪಾಲಿಯೇ’. ೧೯೬೫ರಲ್ಲಿ ಜನ ಕೈಬಿಟ್ಟ ಚಿತ್ರವೇ ಈ ಕ್ರಮದಲ್ಲಿ ಮೊದಲು ನಿಂತಿದೆ. ಸಹೃದಯರು ಎಂಟನ್ನೂ ನೋಡಿ ಈ ಕ್ರಮವನ್ನು ತಿದ್ದಬಹುದು. ಘಟಕರ ಕಾಲದ ಪ್ರೇಕ್ಷಕರಿಗೆ ಎಂಟನ್ನೂ ನೋಡುವ ಅವಕಾಶ ದೊರೆತಿರಲಿಲ್ಲ; ಇಂದಿನವರಿಗೆ ದೊರೆತಿದೆ. ನೋಡದೆ ತೀರ್ಪು ಕೊಟ್ಟುದರ ಫಲವನ್ನು ಒಬ್ಬ ದೊಡ್ಡ ಕಲಾವಿದನು ಒಮ್ಮೆ ಅನುಭವಿಸಿದ್ದಾನೆ. ಅದು ಮತ್ತೆ ಆಗದಿದ್ದರೆ ಸಾಕು.